ಇಳಿದ ವಿಮಾನ ರನ್‌ವೇಯಲ್ಲಿ ನಿಲ್ಲದೆ ಹೋದರೆ: ಮಳೆಗಾಲದ ಮುಂಬೈ ಪ್ರಯಾಣಿಕರಿಗೆ ಒಂದು ಮಾರ್ಗದರ್ಶಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬೈಗೆ ವಿಮಾನದಲ್ಲಿ ಬರುವವರಿಗೂ, ಇಲ್ಲಿಂದ ಮಂಗಳೂರು, ಹುಬ್ಬಳ್ಳಿ, ಬೆಳಗಾವಿ, ಗೋವಾ ಕಡೆ ಹೋಗುವವರಿಗೂ ಈ ಬರಹ. ಅದರಲ್ಲೂ ಊರಿಂದ ಅಪ್ಪ ಅಮ್ಮನನ್ನು ಮೊದಲ ಸಲ ವಿಮಾನ ಹತ್ತಿಸುವ ಮಕ್ಕಳು ಇದನ್ನು ಓದಬೇಕು. ಡೊಂಬಿವಲಿ, ಮುಲುಂಡ್, ಮೀರಾ ರೋಡ್ ಕಡೆಯ ನಮ್ಮವರ ಮನೆಗಳಿಗೆ ಹೀಗೆ ಬಂದು ಹೋಗುವ ಹಿರಿಯರು ಜಾಸ್ತಿ. ವಿಮಾನದೊಳಗಿನ ಸೂಚನೆಗಳು ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಇರುತ್ತವೆ. ಎಷ್ಟೋ ಹಿರಿಯರು ಅರ್ಥವಾಗದೆ ಸುಮ್ನೆ ಕೂತಿರುತ್ತಾರೆ. ಗಂಡಾಂತರ ಬಂದಾಗ ಕೇಳಿ ತಿಳಿದುಕೊಳ್ಳಲು ಸಮಯ ಇರುವುದಿಲ್ಲ.

ಇಳಿದ ವಿಮಾನ ರನ್‌ವೇ ಮುಗಿಯುವುದರೊಳಗೆ ನಿಲ್ಲದೆ ಮುಂದೆ ಹೋಗುವುದು, ಇಲ್ಲವೇ ಬದಿಗೆ ಜಾರುವುದು ಮುಂಬೈಗೆ ಹೊಸದಲ್ಲ. 2017ರ ಸೆಪ್ಟೆಂಬರ್ 19ರಂದು ವಾರಾಣಸಿಯಿಂದ ಬಂದ ಬೋಯಿಂಗ್ 737 ಮಳೆಯಲ್ಲಿ ರನ್‌ವೇ ಬಿಟ್ಟು ಕೆಸರಿಗೆ ಇಳಿಯಿತು. 2019ರ ಜುಲೈ 1ರ ರಾತ್ರಿ ಜೈಪುರದಿಂದ ಬಂದ ಇನ್ನೊಂದು 737 ರನ್‌ವೇ ದಾಟಿ ಮೆತ್ತನೆಯ ನೆಲದಲ್ಲಿ ಹೂತುಕೊಂಡಿತು. ಅದನ್ನು ಎತ್ತಿ ತೆಗೆಯುವವರೆಗೆ ಮುಖ್ಯ ರನ್‌ವೇ ದಿನಗಟ್ಟಲೆ ಬಂದ್ ಆಗಿತ್ತು. 2023ರ ಸೆಪ್ಟೆಂಬರ್ 14ರಂದು ವಿಶಾಖಪಟ್ಟಣದಿಂದ ಬಂದ ಲಿಯರ್‌ಜೆಟ್ 45 ಅನ್ನುವ ಸಣ್ಣ ಖಾಸಗಿ ಜೆಟ್ ಭಾರೀ ಮಳೆಯಲ್ಲಿ ಬದಿಗೆ ಜಾರಿ ಮುರಿಯಿತು, ಬೆಂಕಿಯೂ ಹತ್ತಿತು. ಆಗ ಕಣ್ಣಿಗೆ ಕಾಣುತ್ತಿದ್ದ ದೂರ ಸುಮಾರು 700 ಮೀಟರ್ ಮಾತ್ರ. 2025ರ ಜುಲೈ 21ರಂದು ಕೊಚ್ಚಿಯಿಂದ ಬಂದ ಏರ್‌ಬಸ್ 320 ಮಳೆಯಲ್ಲಿ ರನ್‌ವೇಯಿಂದ ಹೊರಗೆ ಹೋಗಿ ಮತ್ತೆ ಒಳಗೆ ಬಂತು. ನಾಲ್ಕೂ ಮಳೆಗಾಲದವು. ನಾಲ್ಕರಲ್ಲೂ ಯಾರೂ ಸಾಯಲಿಲ್ಲ. ಲಿಯರ್‌ಜೆಟ್‌ನಲ್ಲಿದ್ದ 8 ಜನರೂ ಬದುಕಿದರು.

ಮಂಗಳೂರಿನಲ್ಲಿ ಹಾಗಾಗಲಿಲ್ಲ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನ ಬಜ್ಪೆಯ ಗುಡ್ಡದ ಮೇಲಿನ ರನ್‌ವೇ ದಾಟಿ ಕಣಿವೆಗೆ ಬಿತ್ತು. 166 ಜನರಲ್ಲಿ ಉಳಿದವರು 8 ಮಂದಿ. 2020ರ ಆಗಸ್ಟ್ 7ರಂದು ಕೋಳಿಕ್ಕೋಡ್‌ನಲ್ಲೂ ಅಂಥದ್ದೇ ಗುಡ್ಡದ ರನ್‌ವೇ, 21 ಜನರ ಸಾವು. ರನ್‌ವೇ ಆಚೆ ಕೆಸರಿದೆಯೋ ಕಣಿವೆಯೋ ಅನ್ನುವುದು ನಮ್ಮ ಕೈಯಲ್ಲಿಲ್ಲ. ಇಳಿಯುವ ಹತ್ತು ನಿಮಿಷ ಮೊದಲು ನಾವು ಸೀಟಿನಲ್ಲಿ ಹೇಗೆ ಕೂತಿರುತ್ತೇವೆ ಅನ್ನುವುದು ಪೂರ್ತಿ ನಮ್ಮ ಕೈಯಲ್ಲಿದೆ. ಬದುಕಿ ಹೊರಬರುವ ದಾರಿ ಬಹುಮಟ್ಟಿಗೆ ಆ ಹತ್ತು ನಿಮಿಷದಲ್ಲೇ ತಯಾರಾಗುತ್ತದೆ.

ಮೊದಲು ಇದನ್ನು ತಿಳಿಯಿರಿ: ವಿಮಾನ ಯಾಕೆ ನಿಲ್ಲುವುದಿಲ್ಲ

ಮುಂಬೈಯ ಮುಖ್ಯ ರನ್‌ವೇ ಸುಮಾರು 3.4 ಕಿಲೋಮೀಟರ್ ಉದ್ದ. ಅದನ್ನು ಅಡ್ಡಹಾಯುವ ಎರಡನೆಯದು ಸುಮಾರು 2.9 ಕಿಲೋಮೀಟರ್. ಮಂಗಳೂರಿನದು 2,450 ಮೀಟರ್. ಇಷ್ಟು ಉದ್ದ ಇದ್ದರೂ ಸಾಲದೆ ಹೋಗುವುದು ಹೇಗೆ?

ದೊಡ್ಡ ಜೆಟ್ ವಿಮಾನ ನೆಲ ಮುಟ್ಟುವಾಗ ಅದರ ವೇಗ ಸುಮಾರು 140 ನಾಟ್, ಅಂದರೆ ಗಂಟೆಗೆ 260 ಕಿಲೋಮೀಟರ್ ಹತ್ತಿರ. ಒಂದು ಸೆಕೆಂಡಿಗೆ 72 ಮೀಟರ್. ಚಕ್ರ ನೆಲಕ್ಕೆ ತಾಗದೆ ವಿಮಾನ ರನ್‌ವೇ ಮೇಲೆ ಐದು ಸೆಕೆಂಡ್ ತೇಲಿತು ಅಂದುಕೊಳ್ಳಿ. 360 ಮೀಟರ್ ರನ್‌ವೇ ಅಲ್ಲಿಗೇ ಹೋಯಿತು. ವೇಗ ನೂರಕ್ಕೆ ಹತ್ತರಷ್ಟು ಹೆಚ್ಚಿದ್ದರೆ ನಿಲ್ಲಲು ಬೇಕಾದ ದೂರ ನೂರಕ್ಕೆ ಇಪ್ಪತ್ತರಷ್ಟು ಹೆಚ್ಚುತ್ತದೆ. ಹಿಂದಿನಿಂದ ಗಾಳಿ ತಳ್ಳುತ್ತಿದ್ದರೆ ಇನ್ನೂ ಜಾಸ್ತಿ. ಹಾಗಾಗಿಯೇ ವಿಮಾನಗಳು ಗಾಳಿಗೆ ಎದುರಾಗಿ ಇಳಿಯುತ್ತವೆ. ಮಳೆಗಾಲದಲ್ಲಿ ಮುಂಬೈಗೆ ಗಾಳಿ ಅರಬ್ಬೀ ಸಮುದ್ರದ ಕಡೆಯಿಂದ ಬೀಸುವುದರಿಂದ ಹೆಚ್ಚಿನ ವಿಮಾನಗಳು ಘಾಟ್ಕೋಪರ್ ಮೇಲಿಂದ ಹಾದು ಪಶ್ಚಿಮಕ್ಕೆ ಮುಖ ಮಾಡಿ ಇಳಿಯುತ್ತವೆ.

ಮಂಗಳೂರಿನಲ್ಲಿ ವಿಮಾನ ನೆಲ ಮುಟ್ಟಿದ್ದು ರನ್‌ವೇಯ ಮೂರನೇ ಎರಡು ಭಾಗಕ್ಕೆ ಹತ್ತಿರ ಕಳೆದ ಮೇಲೆ. ಕೋಳಿಕ್ಕೋಡ್‌ನಲ್ಲಿ ಅರ್ಧ ಕಳೆದ ಮೇಲೆ, ಅದೂ ಹಿಂದಿನಿಂದ ಗಾಳಿ ತಳ್ಳುತ್ತಿದ್ದಾಗ, ಒದ್ದೆ ರನ್‌ವೇ ಮೇಲೆ.

ಇನ್ನು ನೀರು. ರನ್‌ವೇ ಮೇಲೆ ನೀರು ನಿಂತಿದ್ದರೆ ಒಂದು ವೇಗದ ಮೇಲೆ ಟೈರು ನೀರಿನ ಮೇಲೇ ತೇಲುತ್ತದೆ, ನೆಲಕ್ಕೆ ಕಚ್ಚುವುದಿಲ್ಲ. ಆಗ ಬ್ರೇಕ್ ಒತ್ತಿದರೂ ಪ್ರಯೋಜನ ಕಡಿಮೆ. ಇದಕ್ಕೆ ಪೈಲಟ್‌ಗಳಿಗೆಲ್ಲ ಗೊತ್ತಿರುವ ಒಂದು ಲೆಕ್ಕ ಇದೆ. ಟೈರಿನ ಗಾಳಿಯ ಒತ್ತಡ ಎಷ್ಟು ಪಿಎಸ್‌ಐ ಇದೆಯೋ ಅದರ ವರ್ಗಮೂಲವನ್ನು 9ರಿಂದ ಗುಣಿಸಿದರೆ ಟೈರು ತೇಲತೊಡಗುವ ವೇಗ ನಾಟ್‌ನಲ್ಲಿ ಸಿಗುತ್ತದೆ. 200 ಪಿಎಸ್‌ಐ ಇರುವ ದೊಡ್ಡ ವಿಮಾನದ ಟೈರಿಗೆ ಅದು 127 ನಾಟ್. 30 ಪಿಎಸ್‌ಐ ಇರುವ ಪುಟ್ಟ ತರಬೇತಿ ವಿಮಾನಕ್ಕೆ ಬರೀ 49 ನಾಟ್. ಸಣ್ಣ ವಿಮಾನ ನಿಧಾನವಾಗಿ ಇಳಿಯುತ್ತದೆ, ಹಾಗಾಗಿ ಭಯವಿಲ್ಲ ಅಂದುಕೊಳ್ಳುವವರು ಈ ಲೆಕ್ಕ ನೋಡಬೇಕು. ನಿಧಾನಕ್ಕೆ ಇಳಿದರೂ ಅದು ನೀರಿನ ಮೇಲೆ ಜಾರುತ್ತದೆ.

ಇಲ್ಲೇ ಒಂದು ಮಾತು. ಮಳೆಯಲ್ಲಿ ವಿಮಾನ ಧಡ್ ಅಂತ ಇಳಿದರೆ ಪೈಲಟ್‌ನನ್ನು ಬೈಯಬೇಡಿ. ನೀರಿನ ಪದರ ಒಡೆದು ಚಕ್ರ ನೆಲಕ್ಕೆ ಗಟ್ಟಿಯಾಗಿ ಕೂರಲಿ ಎಂದೇ ಹಾಗೆ ಇಳಿಸುತ್ತಾರೆ. ಹೂವಿನಂತೆ ಇಳಿಸಲು ಹೋದರೆ ವಿಮಾನ ತೇಲುತ್ತದೆ, ರನ್‌ವೇ ತಿನ್ನುತ್ತದೆ. ನೆಲ ಮುಟ್ಟಿದ ಕೂಡಲೇ ರೆಕ್ಕೆ ಮೇಲಿನ ಹಲಗೆಗಳು ಎದ್ದು ನಿಲ್ಲುವುದು, ಎಂಜಿನ್ ಮತ್ತೆ ಜೋರಾಗಿ ಮೊರೆಯುವುದು, ಮೈ ಮುಂದಕ್ಕೆ ವಾಲುವುದು, ಇವೆಲ್ಲ ಒಳ್ಳೆಯ ಲಕ್ಷಣ. ಪಕ್ಕದಲ್ಲಿ ಅಮ್ಮ ಹೆದರಿ ಕೈ ಹಿಡಿದರೆ ಹೇಳಿ: ವಿಮಾನ ನಿಲ್ಲಿಸುತ್ತಿದ್ದಾರೆ, ಅದರದೇ ಸದ್ದು.

ವಿಮಾನ ಮತ್ತೆ ಮೇಲೇರಿದರೆ ಗೊಣಗಬೇಡಿ

ಈ ಬರಹದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಇಳಿಯುವ ವಿಮಾನ ಸರಿಯಾದ ವೇಗದಲ್ಲಿ, ಸರಿಯಾದ ಎತ್ತರದಲ್ಲಿ ಬರುತ್ತಿಲ್ಲ ಅನ್ನಿಸಿದರೆ ಪೈಲಟ್ ಮಾಡಬೇಕಾದ್ದು ಒಂದೇ: ಎಂಜಿನ್ ಜೋರು ಮಾಡಿ ಮತ್ತೆ ಮೇಲೇರುವುದು. ಇದಕ್ಕೆ ಗೋ ಅರೌಂಡ್ ಅನ್ನುತ್ತಾರೆ. ಮೋಡ ಮಳೆ ಇದ್ದಾಗ ನೆಲದಿಂದ 1,000 ಅಡಿ ಮೇಲೆ ಇರುವಾಗಲೇ ಎಲ್ಲ ಒಂದು ಹದಕ್ಕೆ ಬಂದಿರಬೇಕು ಅನ್ನುವುದು ಸಾಮಾನ್ಯ ನಿಯಮ. ಬಂದಿಲ್ಲ ಅಂದರೆ ಇಳಿಯಬಾರದು.

ಘಾಟ್ಕೋಪರ್, ಕುರ್ಲಾ ಕಡೆ ಇರುವವರಿಗೆ ಈ ಸದ್ದು ಗೊತ್ತು. ಮಳೆ ಸುರಿಯುವಾಗ ಒಂದು ವಿಮಾನ ಇಳಿಯುತ್ತಾ ಬಂದು, ಇನ್ನೇನು ಸದ್ದು ಅಡಗಿತು ಅನ್ನುವಾಗ ಎಂಜಿನ್ ಗರ್ಜಿಸಿ ಮೇಲೇರುತ್ತದೆ. ಒಳಗಿರುವವರಿಗೆ ಹೊಟ್ಟೆ ತೊಳಸಿದ ಹಾಗಾಗುತ್ತದೆ, ಕೆಲವರು ಕಿರುಚುತ್ತಾರೆ. ಇಳಿದ ಮೇಲೆ ಹೊರಗೆ ಕಾಯುತ್ತಿದ್ದವರಿಗೆ, ಸಾಯ್ತಿದ್ವಿ, ಪೈಲಟ್‌ಗೆ ಇಳಿಸೋಕೇ ಬರಲಿಲ್ಲ ಅಂತ ಹೇಳುತ್ತಾರೆ. ಇದು ತಪ್ಪು ತಿಳಿವಳಿಕೆ. ಮಂಗಳೂರಿನ ವಿಮಾನದಲ್ಲಿ ಸಹ ಪೈಲಟ್ ಮತ್ತೆ ಮೇಲೇರೋಣ ಎಂದು ಮೂರು ಸಲ ಹೇಳಿದ್ದರು ಎಂದು ತನಿಖೆಯಲ್ಲಿ ದಾಖಲಾಗಿದೆ. ಮೇಲೇರಲಿಲ್ಲ. ಕೊನೆಗೆ ನೆಲ ಮುಟ್ಟಿ, ಬ್ರೇಕ್ ಹಾಕಿ, ಆಮೇಲೆ ಮೇಲೇರಲು ನೋಡಿದಾಗ ರನ್‌ವೇ ಉಳಿದಿರಲಿಲ್ಲ.

ಪ್ರಯಾಣಿಕರ ಗೊಣಗಾಟ ಪೈಲಟ್ ಕಿವಿಗೆ ಬೀಳುವುದಿಲ್ಲ, ನಿಜ. ಆದರೆ ತಡವಾದದ್ದಕ್ಕೆ ಬರುವ ದೂರು ಒಂದು ಒತ್ತಡವಾಗಿ ನಿಲ್ಲುತ್ತದೆ. ಅದಕ್ಕೇ ಮಳೆಗಾಲದಲ್ಲಿ ಮುಂಬೈಗೆ ಬರುವಾಗ ಕೈಯಲ್ಲಿ ಸಮಯ ಇಟ್ಟುಕೊಂಡು ಟಿಕೆಟ್ ತೆಗೆಯಿರಿ. ಸಂಜೆ ಮದುವೆ ಆರತಕ್ಷತೆ ಇದೆ, ಮಧ್ಯಾಹ್ನದ ವಿಮಾನದಲ್ಲಿ ಬಂದರಾಯಿತು ಅನ್ನಬೇಡಿ. ಮುಂಬೈಯಲ್ಲಿ ಇಳಿಯಲಾಗದೆ ವಿಮಾನ ಅಹಮದಾಬಾದ್‌ಗೋ ಹೈದರಾಬಾದ್‌ಗೋ ಹೋಗಬಹುದು. ಹೋದರೆ ಒಳ್ಳೆಯದೇ. ಮುಂಬೈ–ಮಂಗಳೂರಿನಂಥ ಸಣ್ಣ ಪ್ರಯಾಣ ಎರಡು ಗಂಟೆಗಿಂತ ಜಾಸ್ತಿ ತಡವಾದರೆ ಊಟ ತಿಂಡಿ ಕೊಡಬೇಕು ಅನ್ನುವುದು ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎ ನಿಯಮ, ಅದನ್ನು ಕೇಳಿ ಪಡೆಯಿರಿ.

ಮನೆಯಿಂದ ಹೊರಡುವಾಗ

ಬಟ್ಟೆ ಹತ್ತಿಯದಿರಲಿ. ನೈಲಾನ್, ಪಾಲಿಯೆಸ್ಟರ್ ಬಿಸಿಗೆ ಕರಗಿ ಮೈಗೆ ಅಂಟುತ್ತದೆ. ತುರ್ತಿನಲ್ಲಿ ಬಾಗಿಲಿಂದ ಜಾರಿ ಇಳಿಯಲು ಬಿಚ್ಚುವ, ಗಾಳಿ ತುಂಬಿದ ಜಾರುಬಂಡೆಯ ತಿಕ್ಕಾಟಕ್ಕೂ ಚರ್ಮ ಸುಲಿಯುತ್ತದೆ, ಹಾಗಾಗಿ ಕಾಲು ಮುಚ್ಚುವ ಬಟ್ಟೆ ಒಳ್ಳೆಯದು. ಸೀರೆ ಉಡುವ ಅಮ್ಮಂದಿರಿಗೆ ಸೀರೆ ಬಿಡಿ ಅನ್ನಲಾಗದು. ಸೆರಗು ಪಿನ್ ಹಾಕಿ ಸೊಂಟಕ್ಕೆ ಸಿಕ್ಕಿಸಿ, ನಿರಿಗೆ ಸ್ವಲ್ಪ ಮೇಲಕ್ಕೆ ಉಡಲಿ. ಹಿಮ್ಮಡಿ ಎತ್ತರದ ಚಪ್ಪಲಿ ಬೇಡ. ಪಟ್ಟಿ ಇರುವ ಚಪ್ಪಲಿ ಇಲ್ಲವೇ ಶೂ ಹಾಕಿಸಿ.

ಬಿಪಿ, ಸಕ್ಕರೆ ಕಾಯಿಲೆಯ ಒಂದು ದಿನದ ಮಾತ್ರೆ, ಆಧಾರ್ ಕಾರ್ಡು, ಮಕ್ಕಳ ಫೋನ್ ನಂಬರ್ ಬರೆದ ಚೀಟಿ, ಸ್ವಲ್ಪ ದುಡ್ಡು. ಇಷ್ಟು ಮೈ ಮೇಲೆ ಇರಲಿ. ಜೇಬಿನಲ್ಲಿ, ಇಲ್ಲವೇ ಕೊರಳಿಗೆ ಹಾಕುವ ಸಣ್ಣ ಚೀಲದಲ್ಲಿ. ಮೇಲಿನ ಗೂಡಿನ ಬ್ಯಾಗಿನಲ್ಲಿ ಇಟ್ಟರೆ ಅಪಘಾತವಾದಾಗ ಮನಸ್ಸು ಆ ಬ್ಯಾಗಿನ ಕಡೆಗೇ ಎಳೆಯುತ್ತದೆ. ಬೇಕಾದ್ದೆಲ್ಲ ಮೈ ಮೇಲಿದ್ದರೆ ಬ್ಯಾಗ್ ಬಿಟ್ಟು ಏಳುವುದು ಸುಲಭ.

ಹಿರಿಯರು ಒಬ್ಬರೇ ಬರುತ್ತಿದ್ದರೆ ನಾಲ್ಕು ಮಾತು ಬಾಯಿಪಾಠ ಮಾಡಿಸಿ. ಬ್ರೇಸ್ ಅಂದರೆ ತಲೆ ಬಗ್ಗಿಸಿ ಕೂರಬೇಕು. ಸ್ಟೇ ಡೌನ್ ಅಂದರೆ ಹಾಗೇ ಬಗ್ಗಿಯೇ ಇರಬೇಕು. ರಿಮೇನ್ ಸೀಟೆಡ್ ಅಂದರೆ ಏಳಬಾರದು. ಇವ್ಯಾಕ್ಯುಯೇಟ್ ಅಂದರೆ ಎಲ್ಲ ಬಿಟ್ಟು ಬಾಗಿಲಿಗೆ ಹೋಗಬೇಕು. ಇಷ್ಟು ಗೊತ್ತಿದ್ದರೆ ಸಾಕು. ಗೊತ್ತಾಗದಿದ್ದರೂ ಗಗನಸಖಿಯ ಕೈಸನ್ನೆ ನೋಡಿ ಹಾಗೇ ಮಾಡಿ ಅಂತ ಹೇಳಿ.

ಸೀಟಿನಲ್ಲಿ ಕೂತ ಮೇಲೆ

ಬೆಲ್ಟ್‌ನಿಂದ ಶುರು ಮಾಡೋಣ. ಹಾಕುವುದು ಎಲ್ಲರಿಗೂ ಬರುತ್ತದೆ, ಕಷ್ಟ ಇರುವುದು ಬಿಚ್ಚುವುದರಲ್ಲಿ. ಕಾರಿನ ಬೆಲ್ಟ್ ಸೊಂಟದ ಪಕ್ಕದಲ್ಲಿ ಗುಂಡಿ ಒತ್ತಿದರೆ ಬಿಡುತ್ತದೆ. ವಿಮಾನದ್ದು ಹೊಟ್ಟೆಯ ಮುಂದೆ ಇರುತ್ತದೆ, ಅದರ ಮೇಲಿನ ಲೋಹದ ರೆಪ್ಪೆಯನ್ನು ಎತ್ತಬೇಕು. ದಿನವೂ ಕಾರಿನಲ್ಲಿ ಓಡಾಡುವವರ ಕೈ ಗಾಬರಿಯಲ್ಲಿ ಪಕ್ಕಕ್ಕೆ ಹೋಗಿ ಇಲ್ಲದ ಗುಂಡಿ ಹುಡುಕುತ್ತದೆ. ಅದಕ್ಕೇ ಕೂತ ಕೂಡಲೇ ಕಣ್ಣು ಮುಚ್ಚಿ ಮೂರು ಸಲ ಹಾಕಿ ಬಿಚ್ಚಿ ಮಾಡಿ. ಅಮ್ಮನಿಂದಲೂ ಮಾಡಿಸಿ. ಅಮ್ಮಾ, ಒತ್ತಬೇಡ, ಎತ್ತು ಅಂತ ಬೆರಳು ಹಿಡಿದು ತೋರಿಸಿ. ಬೆರಳಿಗೆ ಶಕ್ತಿ ಕಡಿಮೆ ಇರುವ ವಯಸ್ಸಾದವರಿಗೆ ರೆಪ್ಪೆ ಪೂರ್ತಿ ಎತ್ತಲು ಕಷ್ಟವಾಗುತ್ತದೆ. ಅಂಗೈಯನ್ನು ಅದರಡಿ ಹಾಕಿ ಎತ್ತಲು ಹೇಳಿ. ಬೆಲ್ಟ್ ಹೊಟ್ಟೆಯ ಮೇಲೆ ಅಲ್ಲ, ಅದಕ್ಕಿಂತ ಕೆಳಗೆ, ಸೊಂಟದ ಮೂಳೆಗೆ ತಾಗಿ ಬಿಗಿಯಾಗಿರಬೇಕು. ಬಸುರಿ ಹೆಂಗಸರಿಗಂತೂ ಇದು ತೀರಾ ಮುಖ್ಯ.

ಆಮೇಲೆ ಬಾಗಿಲು ಎಣಿಸಿ. ನಿಮ್ಮ ಮುಂದಿನ ತುರ್ತು ಬಾಗಿಲಿಗೆ ಎಷ್ಟು ಸೀಟು, ಹಿಂದಿನದಕ್ಕೆ ಎಷ್ಟು ಸೀಟು. ಹೊಗೆ ತುಂಬಿದರೆ ಕಣ್ಣಿಗೆ ಏನೂ ಕಾಣುವುದಿಲ್ಲ, ಸೀಟಿನ ಬೆನ್ನು ಮುಟ್ಟುತ್ತಾ ಎಣಿಸಿಕೊಂಡೇ ಹೋಗಬೇಕು. ಎರಡೂ ಕಡೆ ಎಣಿಸುವುದು ಯಾಕೆಂದರೆ ಒಂದು ಬಾಗಿಲ ಹೊರಗೆ ಬೆಂಕಿ ಇರಬಹುದು.

ಗೋವಾದ ಮೋಪಾ, ಪುಣೆ, ಸಿಂಧುದುರ್ಗ ಕಡೆ ಎಟಿಆರ್ 72 ವಿಮಾನಗಳು ಓಡುತ್ತವೆ. ರೆಕ್ಕೆಗಳು ಮೈಯ ಮೇಲ್ಭಾಗದಲ್ಲಿ ಇರುವ, ಪಂಖದ ಎಂಜಿನ್‌ನ ಸಣ್ಣ ವಿಮಾನ. ಇದರಲ್ಲಿ ನಾವು ಹತ್ತುವುದು ಹಿಂದಿನ ಬಾಗಿಲಿಂದ. ಹತ್ತಿದ ಬಾಗಿಲಿಗೇ ಓಡುವುದು ಮನುಷ್ಯರ ಅಭ್ಯಾಸ, ಅಲ್ವಾ? ಆದರೆ ಎಟಿಆರ್‌ನಲ್ಲಿ ಪ್ರಯಾಣಿಕರ ಸೀಟುಗಳ ಮುಂಭಾಗದಲ್ಲೂ ಎರಡೂ ಕಡೆ ತುರ್ತು ಬಾಗಿಲು ಇದೆ. ಐದಾರನೆಯ ಸಾಲಿನಲ್ಲಿ ಕೂತವರಿಗೆ ಅದೇ ಹತ್ತಿರ. ಮುಂದಿನ ಜೇಬಿನಲ್ಲಿರುವ ಕಾರ್ಡಿನ ಚಿತ್ರ ಒಂದು ನಿಮಿಷ ನೋಡಿ. ಓದಲು ಬರದವರಿಗೂ ಅದು ಅರ್ಥವಾಗುತ್ತದೆ.

ತುರ್ತು ಬಾಗಿಲ ಪಕ್ಕದ ಸೀಟನ್ನು ಕಾಲು ಚಾಚಲು ಜಾಗ ಇದೆ ಅಂತ ತೆಗೆದುಕೊಳ್ಳುವವರು ಒಂದು ಕೆಲಸವನ್ನೂ ಒಪ್ಪಿಕೊಂಡ ಹಾಗೆ. ಆ ಬಾಗಿಲು ತೆರೆಯಬೇಕಾದವರು ನೀವೇ. ಕೆಲವು ವಿಮಾನದಲ್ಲಿ ಅದು ತಾನೇ ಮೇಲಕ್ಕೆ ತೆರೆಯುತ್ತದೆ, ಕೆಲವದರಲ್ಲಿ ಕಳಚಿ ಕೈಗೆ ಬರುತ್ತದೆ, ಭಾರವೂ ಇರುತ್ತದೆ. ಗಗನಸಖಿ ವಿವರಿಸುವಾಗ ಫೋನ್ ಕೆಳಗಿಡಿ. ಮಂಡಿ ನೋವಿರುವ ಅಪ್ಪನಿಗೆ ಆ ಸೀಟು ಬೇಡ.

ಮಕ್ಕಳಿದ್ದರೆ ಯಾವ ಮಗುವನ್ನು ಯಾರು ಎತ್ತಿಕೊಳ್ಳುವುದು ಅಂತ ಗಂಡ ಹೆಂಡತಿ ಹಾರುವ ಮೊದಲೇ ಮಾತಾಡಿಕೊಳ್ಳಿ. ಮಡಿಲ ಕೂಸಿಗೆ ಕೊಡುವ ಸಣ್ಣ ಬೆಲ್ಟ್ ಕೇಳಿ ಪಡೆದು ನಿಮ್ಮ ಬೆಲ್ಟ್‌ಗೆ ಸಿಕ್ಕಿಸಿ.

ಇಳಿಯುವ ಹತ್ತು ನಿಮಿಷ ಮೊದಲು

ನಿದ್ದೆಯಿಂದ ಏಳಿ. ಚಪ್ಪಲಿ ಕಳಚಿದ್ದರೆ ಹಾಕಿಕೊಳ್ಳಿ. ಕಿವಿಯಿಂದ ಇಯರ್‌ಫೋನ್ ತೆಗೆಯಿರಿ. ಕಾಲಡಿಯ ಕೈಚೀಲವನ್ನು ಮುಂದಿನ ಸೀಟಿನ ಕೆಳಗೆ ಪೂರ್ತಿ ತಳ್ಳಿ. ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಳ್ಳಬೇಡಿ.

ಕಿಟಕಿಯ ಪರದೆ ಎತ್ತಿ ಅಂತ ಸಿಬ್ಬಂದಿ ಹೇಳುವುದು ಸುಮ್ನೆ ಅಲ್ಲ. ಹೊರಗೆ ಬೆಂಕಿ ಯಾವ ಕಡೆ ಇದೆ ಎಂದು ಒಳಗಿನವರಿಗೆ ಕಾಣಬೇಕು. ರಾತ್ರಿ ದೀಪ ಮಂದ ಮಾಡುವುದೂ ಕಣ್ಣು ಕತ್ತಲಿಗೆ ಹೊಂದಿಕೊಳ್ಳಲಿ ಎಂದು. ಊಟದ ಹಲಗೆ ಮಡಚಿ, ಸೀಟು ನೆಟ್ಟಗೆ ಮಾಡಿ ಅನ್ನುವುದು ನಿಮ್ಮ ಹಿಂದೆ ಕೂತವರು ಬಗ್ಗಲು, ಎದ್ದು ಹೊರಬರಲು ಜಾಗ ಇರಲಿ ಎಂದು. ಇಷ್ಟು ಕಾರಣ ತಿಳಿದರೆ ಯಾರೂ ಮುಖ ಗಂಟು ಹಾಕಿಕೊಳ್ಳುವುದಿಲ್ಲ.

ಬಾಗಿಲಿಗೆ ಎಷ್ಟು ಸೀಟು ಅಂತ ಇನ್ನೊಮ್ಮೆ ನೆನಪು ಮಾಡಿಕೊಳ್ಳಿ. ಚಕ್ರ ನೆಲ ಮುಟ್ಟಿದ ಕೂಡಲೇ ಬೆಲ್ಟ್ ಬಿಚ್ಚುವ ಚಟ ನಮ್ಮಲ್ಲಿ ತುಂಬಾ ಇದೆ. ವಿಮಾನ ಇನ್ನೂ ಓಡುತ್ತಿರುವಾಗಲೇ ಟಕ್ ಟಕ್ ಅಂತ ಬೆಲ್ಟ್ ಬಿಚ್ಚುವ ಸದ್ದು ಶುರುವಾಗುತ್ತದೆ. ರನ್‌ವೇ ಮೀರುವುದು ಅದೇ ಅರ್ಧ ನಿಮಿಷದಲ್ಲಿ. ವಿಮಾನ ಪೂರ್ತಿ ನಿಂತು ದೀಪ ಆರುವವರೆಗೆ ಬೆಲ್ಟ್ ಇರಲಿ.

ನಿಲ್ಲುತ್ತಿಲ್ಲ ಅನ್ನಿಸಿದಾಗ

ರನ್‌ವೇಯ ನುಣುಪು ಹೋಗಿ ಕುಲುಕಾಟ ಶುರುವಾಗುತ್ತದೆ. ಮುಂದಿನ ಚಕ್ರ ಮುರಿದರೆ ಮೂತಿ ಕೆಳಗೆ ಬೀಳುತ್ತದೆ. ದೀಪ ಹೋಗಬಹುದು. ಸಿಬ್ಬಂದಿ ಕೂಗಿದರೂ ಕೂಗದಿದ್ದರೂ ತಲೆ ಬಗ್ಗಿಸಿ. ಹಣೆಯನ್ನು ಮುಂದಿನ ಸೀಟಿನ ಬೆನ್ನಿಗೆ ಒತ್ತಿ, ಎರಡೂ ಕೈ ತಲೆಯ ಮೇಲೆ. ಬೆರಳುಗಳನ್ನು ಒಂದರೊಳಗೊಂದು ಹೆಣೆಯಬೇಡಿ, ಒಂದು ಕೈ ಮೇಲೆ ಇನ್ನೊಂದು ಇಟ್ಟರೆ ಸಾಕು. ಪಾದ ನೆಲಕ್ಕೆ ಚಪ್ಪಟೆಯಾಗಿ, ಮಂಡಿಗಿಂತ ತುಸು ಹಿಂದೆ. ಕಾಲು ಮುಂದಕ್ಕೆ ಚಾಚಿದ್ದರೆ ಮುಂದಿನ ಸೀಟಿನಡಿಯ ಕಂಬಿಗೆ ಹೊಡೆದು ಮುರಿಯುತ್ತದೆ, ಆಮೇಲೆ ಓಡಲಾಗುವುದಿಲ್ಲ. ಮೊದಲ ಏಟು ಮುಗಿಯಿತು ಅಂತ ತಲೆ ಎತ್ತಬೇಡಿ. ಎರಡನೆಯದು, ಮೂರನೆಯದು ಬರಬಹುದು. ಪೂರ್ತಿ ನಿಲ್ಲಲಿ.

ನಿಂತ ಮೇಲೆ ಕೆಲವು ಕ್ಷಣ ಸಿಬ್ಬಂದಿಯ ಮಾತಿಗೆ ಕಾಯಿರಿ. ಬೆಂಕಿ ಇಲ್ಲದಿದ್ದರೆ ಕೂತಲ್ಲೇ ಕೂರಿಸಿ, ಏಣಿ ತರಿಸಿ ಇಳಿಸಬಹುದು. ಎಂಜಿನ್ ಇನ್ನೂ ತಿರುಗುತ್ತಿರುವಾಗ ಬಾಗಿಲು ತೆರೆದು ಹಾರುವುದು ಅಪಾಯ. ಆದರೆ ಹೊಗೆ ಬರುತ್ತಿದೆ, ಸಿಬ್ಬಂದಿ ಕಾಣುತ್ತಿಲ್ಲ ಅಂದರೆ ನಿಮ್ಮ ಬುದ್ಧಿಯೇ ನಿಮಗೆ ದಾರಿ. ಮಂಗಳೂರಿನಲ್ಲಿ ಬದುಕಿದವರಲ್ಲಿ ಹಲವರು ವಿಮಾನ ಸೀಳಿದ ಜಾಗದಿಂದಲೇ ಹೊರಗೆ ಬಂದವರು. ಬೆಳಕು ಕಂಡಲ್ಲಿ ದಾರಿ ಇರಬಹುದು.

ಇಳಿಯಿರಿ ಅಂತ ಕೂಗಿದರೆ ಬ್ಯಾಗ್ ಮುಟ್ಟಬೇಡಿ. ಅರ್ಧದಷ್ಟು ಬಾಗಿಲು ಮಾತ್ರ ತೆರೆದರೂ 90 ಸೆಕೆಂಡಿನಲ್ಲಿ ಎಲ್ಲರೂ ಹೊರಬರುವ ಹಾಗಿರಬೇಕು ಎಂದು ದೊಡ್ಡ ವಿಮಾನಗಳನ್ನು ಪರೀಕ್ಷೆ ಮಾಡಿಯೇ ಒಪ್ಪುತ್ತಾರೆ. ಆ ಪರೀಕ್ಷೆಯಲ್ಲಿ ಯಾರೂ ಬ್ಯಾಗ್ ಎಳೆಯುತ್ತಾ ನಿಲ್ಲುವುದಿಲ್ಲ. 2016ರ ಆಗಸ್ಟ್ 3ರಂದು ತಿರುವನಂತಪುರದಿಂದ ದುಬೈಗೆ ಹೋದ ವಿಮಾನ ರನ್‌ವೇಗೆ ಬಡಿದು ಬೆಂಕಿ ಹತ್ತಿದಾಗ ಹಲವರು ಮೇಲಿನ ಗೂಡಿನಿಂದ ಬ್ಯಾಗ್ ತೆಗೆಯಲು ನಿಂತಿದ್ದರು. 300 ಜನರೂ ಬದುಕಿ ಹೊರಬಂದರು, ಸ್ವಲ್ಪ ಹೊತ್ತಿಗೆ ವಿಮಾನ ಸಿಡಿದು ಒಬ್ಬ ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಬಿಟ್ಟರು. 2024ರ ಜನವರಿ 2ರಂದು ಟೋಕಿಯೋದ ಹನೇಡಾದಲ್ಲಿ ಬೆಂಕಿ ಹತ್ತಿದ ವಿಮಾನದಿಂದ 379 ಜನರೂ ಹೊರಬಂದರು. ಬ್ಯಾಗು ಬಿಟ್ಟು ಸಿಬ್ಬಂದಿ ಹೇಳಿದಂತೆ ನಡೆದಿದ್ದರಿಂದ ಅಷ್ಟೂ ಜನ ಉಳಿದರು ಎಂದೇ ನಾನು ನಂಬುತ್ತೇನೆ. ಪಾಸ್‌ಪೋರ್ಟು, ಮದುವೆಯ ಒಡವೆ, ಊರಿಂದ ತಂದ ಹಪ್ಪಳದ ಗಂಟು, ಯಾವುದಕ್ಕೂ ಕೈ ಚಾಚಬೇಡಿ. ನಿಮ್ಮ ಹಿಂದೆ ಐವತ್ತು ಜನ ನಿಂತಿದ್ದಾರೆ.

ಹೊಗೆ ಇದ್ದರೆ ಬಗ್ಗಿ ನಡೆಯಿರಿ, ಕರವಸ್ತ್ರ ಇಲ್ಲವೇ ಸೆರಗು ಮೂಗಿಗೆ ಹಿಡಿಯಿರಿ. ನೆಲದ ದೀಪಗಳು ಬಾಗಿಲ ಕಡೆ ದಾರಿ ತೋರುತ್ತವೆ. ಜಾರುಬಂಡೆಯ ಮುಂದೆ ಕೂತು ಇಳಿಯಲು ನೋಡಬೇಡಿ, ಸಾಲು ನಿಂತುಹೋಗುತ್ತದೆ. ಕೈ ಎದೆಗೆ ಕಟ್ಟಿ, ಕಾಲು ಜೋಡಿಸಿ ಹಾರಿ ಕೂರಿ. ಹಿರಿಯರು ಹಿಂಜರಿದರೆ ಹಿಂದಿನಿಂದ ಹಿಡಿದು ಒಟ್ಟಿಗೇ ಇಳಿಯಿರಿ. 2016ರ ಡಿಸೆಂಬರ್ 27ರಂದು ಗೋವಾದ ದಾಬೋಲಿಮ್‌ನಲ್ಲಿ ಮುಂಬೈಗೆ ಹೊರಟ ವಿಮಾನ ಹಾರುವ ಮೊದಲೇ ರನ್‌ವೇಯಿಂದ ಜಾರಿದಾಗ ಕೆಲವರಿಗೆ ಗಾಯವಾದದ್ದು ಹೊರಗೆ ಇಳಿಯುವ ಗಡಿಬಿಡಿಯಲ್ಲೇ.

ಹೊರಗೆ ಬಂದ ಮೇಲೆ

ಗಾಳಿ ಬರುವ ದಿಕ್ಕಿಗೆ, ಕನಿಷ್ಠ ನೂರು ಮೀಟರ್ ದೂರ ಹೋಗಿ. ಎಂಜಿನ್‌ನ ಮುಂದೆ ಹಿಂದೆ ಹಾಯಬೇಡಿ. ಬೀಡಿ, ಲೈಟರ್ ತೆಗೆಯಬೇಡಿ. ಎಲ್ಲರೂ ಒಂದೇ ಕಡೆ ಗುಂಪಾಗಿ ನಿಲ್ಲಿ. ಹುಲ್ಲಿನಲ್ಲೋ ನೊರೆಯಲ್ಲೋ ಒಬ್ಬರೇ ಮಲಗಬೇಡಿ. ಅಗ್ನಿಶಾಮಕ ಗಾಡಿಗಳು ಮೂರು ನಿಮಿಷದೊಳಗೆ ಬಂದು ತಲುಪಬೇಕು ಅನ್ನುವುದು ಅಂತರರಾಷ್ಟ್ರೀಯ ನಿಯಮ, ಹಾಗಾಗಿ ಅವು ವೇಗವಾಗಿ ಬರುತ್ತವೆ. 2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನೊರೆಯಲ್ಲಿ ಮುಚ್ಚಿಹೋಗಿದ್ದ ಒಬ್ಬ ಹುಡುಗಿಯ ಮೇಲೆ ಅಂಥ ಗಾಡಿ ಹರಿದಿತ್ತು. ವಿಡಿಯೋ ಮಾಡಲು ವಿಮಾನದ ಹತ್ತಿರ ಹಿಂದಿರುಗುವುದು ಬೇಡವೇ ಬೇಡ.

ಮನೆಗೆ ಒಂದು ಸಾಲಿನ ಸಂದೇಶ ಕಳಿಸಿ. ಹೊರಗೆ ಬಂದಿದ್ದೇನೆ, ಚೆನ್ನಾಗಿದ್ದೇನೆ. ಸಂಘದ ಗ್ರೂಪುಗಳಲ್ಲಿ ಎಷ್ಟು ಜನ ಸತ್ತರಂತೆ ಅನ್ನುವ ಅಂದಾಜು ಹಾಕಬೇಡಿ. ಅದನ್ನು ಓದುವವರಲ್ಲಿ ಯಾರದೋ ಹೆಂಡತಿ ಇರುತ್ತಾರೆ.

ಚಾರ್ಟರ್, ತರಬೇತಿ ಇಂಥ ಸಣ್ಣ ವಿಮಾನಗಳಲ್ಲಿ

ಉದ್ಯಮಿಗಳು, ರಾಜಕೀಯದವರು, ಆಸ್ಪತ್ರೆಗೆ ರೋಗಿಯನ್ನು ಸಾಗಿಸುವವರು ಇವನ್ನು ಬಳಸುತ್ತಾರೆ. ಮಗ ಮಗಳನ್ನು ಪೈಲಟ್ ಕಲಿಯಲು ಸೇರಿಸಿದ ನಮ್ಮವರೂ ಈಗ ಇದ್ದಾರೆ.

ಸಣ್ಣ ವಿಮಾನ ಸಣ್ಣ ರನ್‌ವೇಗೂ ಇಳಿಯುತ್ತದೆ, ಅಪಾಯ ಅಲ್ಲೇ. ಮುಂಬೈಯ ಸಣ್ಣ ವಿಮಾನ ನಿಲ್ದಾಣ ಜುಹೂವಿನ ರನ್‌ವೇ 1.1 ಕಿಲೋಮೀಟರ್ ಚಿಲ್ಲರೆ. ಆಚೆ ತುದಿಗೆ ಊರು, ಈಚೆಗೆ ಸಮುದ್ರ. ಜೆಆರ್‌ಡಿ ಟಾಟಾ 1932ರ ಅಕ್ಟೋಬರ್ 15ರಂದು ಕರಾಚಿಯಿಂದ ಅಂಚೆ ಹೊತ್ತು ಬಂದು ಇಳಿದದ್ದು ಇಲ್ಲೇ. ಅವರ ಪುಟ್ಟ ವಿಮಾನಕ್ಕೆ ಅದು ಸಾಕಿತ್ತು. 1972ರ ಸೆಪ್ಟೆಂಬರ್ 24ರಂದು ಜಪಾನಿನ ದೊಡ್ಡ ಡಿಸಿ-8 ಜೆಟ್ ಮುಂಬೈಯ ದೊಡ್ಡ ನಿಲ್ದಾಣ ಸಾಂತಾಕ್ರೂಜ್ ಅಂದುಕೊಂಡು ತಪ್ಪಿ ಜುಹೂವಿನಲ್ಲಿ ಇಳಿದು ರನ್‌ವೇ ದಾಟಿಹೋಯಿತು.

ಪೈಲಟ್‌ಗಳು ಅಂದಾಜಿಗೆ ಇಟ್ಟುಕೊಳ್ಳುವ ಲೆಕ್ಕ ಹೀಗಿದೆ. ತೂಕ ನೂರಕ್ಕೆ ಹತ್ತು ಹೆಚ್ಚಾದರೆ ಇಳಿಯುವ ದೂರವೂ ಹತ್ತರಷ್ಟು ಹೆಚ್ಚು. ಇಳಿಯುವ ವೇಗದ ಹತ್ತನೇ ಒಂದರಷ್ಟು ಗಾಳಿ ಹಿಂದಿನಿಂದ ಬಂದರೆ ಇಪ್ಪತ್ತರಷ್ಟು ಹೆಚ್ಚು. ಡಾಂಬರು ಒದ್ದೆಯಾಗಿದ್ದರೆ ಹದಿನೈದರಷ್ಟು. ಇವು ಒಂದಕ್ಕೊಂದು ಗುಣಿಸಿ ಬೆಳೆಯುತ್ತವೆ. ಹಾಗಾಗಿ ಸಾಮಾನು ಎಷ್ಟು ಅಂತ ಪೈಲಟ್ ಕೇಳಿದರೆ ನಿಜ ತೂಕ ಹೇಳಿ. ಇದೊಂದು ಪೆಟ್ಟಿಗೆ ಇರಲಿ ಬಿಡಿ ಅನ್ನಬೇಡಿ.

ಬಾಡಿಗೆ ಕೊಟ್ಟವರು ನೀವೇ ಆದರೂ ಇಳಿಯುವ ತೀರ್ಮಾನ ನಿಮ್ಮದಲ್ಲ. ಸಭೆಗೆ ತಡವಾಯಿತು, ಹೇಗಾದರೂ ಇಳಿಸಿ ಅನ್ನುವ ಮಾತು ಬಾಯಿಂದ ಬರಬಾರದು. ಹೊರಡುವ ಮೊದಲೇ ಪೈಲಟ್ ಹತ್ತಿರ ಹೇಳಿ: ಮಳೆ ಜಾಸ್ತಿ ಇದ್ದರೆ ಬೇರೆ ಕಡೆ ಇಳಿಸಿ, ನನಗೆ ತೊಂದರೆ ಇಲ್ಲ. ಅವರ ತಲೆಯಿಂದ ಒಂದು ಭಾರ ಇಳಿಯುತ್ತದೆ. ಬಾಗಿಲು ಹೇಗೆ ತೆರೆಯುವುದು ಅಂತ ಕೇಳಿ, ಒಮ್ಮೆ ನೀವೇ ತೆರೆದು ನೋಡಿ. ಹೆಗಲ ಬೆಲ್ಟ್ ಇದ್ದರೆ ಹಾಕಲೇಬೇಕು. ಪೈಲಟ್ ಪಕ್ಕ ಕೂತಿದ್ದರೆ ಕಾಲು ಪೆಡಲ್‌ಗಳಿಂದ ದೂರ ಇರಲಿ. ಇಳಿಯುವಾಗ ಮಾತಾಡಿಸಬೇಡಿ.

ಆಮೇಲಿನ ಕೆಲಸಗಳು

ಏನೂ ಆಗಿಲ್ಲ ಅನ್ನಿಸಿದರೂ ಅದೇ ದಿನ ಆಸ್ಪತ್ರೆಯಲ್ಲಿ ತೋರಿಸಿ. ಗಾಬರಿಯಲ್ಲಿ ನೋವು ಗೊತ್ತಾಗುವುದಿಲ್ಲ, ಬೆನ್ನು ಕುತ್ತಿಗೆಯ ನೋವು ಮರುದಿನ ಬರುತ್ತದೆ. ಚೀಟಿ, ಎಕ್ಸ್-ರೇ, ಬಿಲ್ಲು, ಬೋರ್ಡಿಂಗ್ ಪಾಸ್ ಎಲ್ಲ ಜೋಪಾನ ಮಾಡಿ. ವಾರ ಕಳೆದರೂ ನಿದ್ದೆ ಬಾರದಿದ್ದರೆ, ಸದ್ದಿಗೆ ಬೆಚ್ಚಿಬೀಳುತ್ತಿದ್ದರೆ ಮನೋವೈದ್ಯರ ಹತ್ತಿರ ಹೋಗಿ, ಅದಕ್ಕೆ ನಾಚಬೇಡಿ.

ಕಂಪನಿಯವರು ತಂದ ಕಾಗದಕ್ಕೆ ಅವಸರದಲ್ಲಿ ಸಹಿ ಹಾಕಬೇಡಿ. ಇನ್ನು ಯಾವ ಪರಿಹಾರವೂ ಬೇಡ ಎಂದು ಅದರಲ್ಲಿ ಬರೆದಿದೆಯೇ ಅಂತ ತಿಳಿದವರಿಂದ ಓದಿಸಿ. ದುಬೈ–ಮುಂಬೈ–ಮಂಗಳೂರು ಎಂದು ಒಂದೇ ಟಿಕೆಟ್ ಇದ್ದರೆ ಮುಂಬೈ–ಮಂಗಳೂರು ಭಾಗಕ್ಕೂ ಅಂತರರಾಷ್ಟ್ರೀಯ ಪ್ರಯಾಣದ ನಿಯಮವೇ ಅನ್ವಯ. ನಮ್ಮ ಕರಾವಳಿಯ ಕೊಲ್ಲಿ ಉದ್ಯೋಗಿಗಳು ಇದನ್ನು ನೆನಪಿಡಬೇಕು. ಆ ನಿಯಮದ ಪ್ರಕಾರ ಪರಿಹಾರದ ದಾವೆಗೆ ಎರಡು ವರ್ಷದ ಗಡುವು ಇದೆ. ಸಾಮಾನು ಹಾಳಾಗಿ ಕೈಗೆ ಬಂದರೆ ಬಂದ ದಿನದಿಂದ 7 ದಿನದೊಳಗೆ ಬರಹದಲ್ಲಿ ದೂರು ಕೊಡಬೇಕು.

ಅಪಘಾತದ ತನಿಖೆ ನಡೆಸುವುದು ಎಎಐಬಿ, ಅಂದರೆ ಕೇಂದ್ರ ಸರ್ಕಾರದ ವಿಮಾನ ಅಪಘಾತ ತನಿಖಾ ಸಂಸ್ಥೆ. ಅವರು ನಿಮ್ಮನ್ನು ಕೇಳಿದರೆ ಕಂಡದ್ದನ್ನು ಮಾತ್ರ ಹೇಳಿ: ಎಷ್ಟು ಹೊತ್ತು ತೇಲಿತು ಅನ್ನಿಸಿತು, ಮೊದಲ ಏಟು ಯಾವಾಗ, ಯಾವ ಬಾಗಿಲು ತೆರೆಯಿತು, ಯಾವುದು ತೆರೆಯಲಿಲ್ಲ, ಸಿಬ್ಬಂದಿ ಏನು ಕೂಗಿದರು. ಇದನ್ನೆಲ್ಲ ಅದೇ ರಾತ್ರಿ, ಬೇರೆಯವರ ಮಾತು ಮತ್ತು ಟಿವಿ ಸುದ್ದಿ ಬೆರೆಯುವ ಮೊದಲು, ಒಂದು ಹಾಳೆಯಲ್ಲಿ ಬರೆದಿಡಿ. ಕನ್ನಡದಲ್ಲೇ ಬರೆದರೂ ಆಗುತ್ತದೆ, ತಾರೀಕು ಮತ್ತು ನಿಮ್ಮ ಸೀಟಿನ ನಂಬರ್ ಮರೆಯಬೇಡಿ.